ಅಳತೆಯ ಸಾಬೂನು

ಸಂಜೆ ದೊಡ್ಡ ಗಿರಾಕಿ ಬರುವವರಿದ್ದಾರೆ, ಒಂದು ಒಳ್ಳೆಯ ಸ್ನಾನ ಮಾಡಿ ಠೀಕಾಗಿರೋಣ ಎಂದು ಬೆಳಿಗ್ಗೆಯೇ ಬಚ್ಚಲಿಗೆ ಹೊಕ್ಕದ್ದು ತಂಬಿಯ ತಪ್ಪು. ಅಲ್ಲಿ ದಂಡೆಯ ಮೇಲೆ ಕಸ್ತೂರಿಯ ಪರಿಮಳ ಬೀರುತ್ತ ಒಂದು ಗುಲಾಬಿ ಬಣ್ಣದ ಸಾಬೂನು ಕೂತಿತ್ತು. ನೀರು ಮುಟ್ಟುವ ಮೊದಲೇ ಅವನ ಮೈ ತಣ್ಣಗಾಯಿತು.

“ಅಮ್ಮಚ್ಚೀ, ಈ ಸಾಬೂನು ಇಲ್ಲಿ ಎಂತ ಮಾಡ್ತಾ ಉಂಟು?”

“ಸಾಬೂನು ಬಚ್ಚಲಲ್ಲಿ ಅಲ್ಲದೆ ಅನ್ನದ ಪಾತ್ರೆಯಲ್ಲಿ ಇರ್ತದಾ?” ಅತ್ತೆ ಮರಿಯಕುಟ್ಟಿ ಅಡುಗೆಮನೆಯಿಂದಲೇ ಕೇಳಿದರು.

ಕಡಬ ಪೇಟೆಯಿಂದ ತುಸು ಒಳಗೆ, ಮಾವ ಕುಂಞಚ್ಚನ್ ಅವರ ಮನೆಯ ಜಗಲಿಯಲ್ಲೇ ‘ಮರಿಯ ಬಾಕ್ಸ್ ವರ್ಕ್ಸ್’ ಇತ್ತು. ರಟ್ಟು ಕತ್ತರಿಸುವುದು ಅಳಿಯ ತಂಬಿ, ಮೈದಾ ಅಂಟು ಕುದಿಸುವುದು ಅತ್ತೆ, ಅಂಟಿಸುವುದು ಹೆಂಡತಿ ಸಾಲಿ, ಗದರುವುದು ಮಾವ. ಊದುಬತ್ತಿ, ಕಾಫಿಪುಡಿಯ ಡಬ್ಬಿಗಳನ್ನಷ್ಟೇ ಮಾಡುತ್ತಿದ್ದವರಿಗೆ ಪುತ್ತೂರಿನ ಅಬ್ದುಲ್ಲ ಸಾಹುಕಾರರು ಸಾಬೂನಿನ ಬಾಕ್ಸ್ ಮಾಡಲು ಹೇಳಿದ್ದರು. ಅಳತೆಗೆಂದು ಒಂದೇ ಒಂದು ಸಾಬೂನು ಕೊಟ್ಟಿದ್ದರು. ಆಚಾರಿ ಅದರ ಅಳತೆಗೆ ಮರದ ಅಚ್ಚು ಮಾಡಬೇಕು, ಅಚ್ಚಿನ ಸುತ್ತ ರಟ್ಟು ಮಡಚಿದರೆ ಬಾಕ್ಸ್.

“ಈ ಸಲ ಎಲ್ಲ ನೀನೇ ನೋಡಿಕೊ. ಹಾಳು ಮಾಡಿದರೆ ಮರುದಿನದಿಂದ ರಬ್ಬರ್ ಟ್ಯಾಪಿಂಗಿಗೆ ಹೋಗುದು,” ಎಂದಿದ್ದರು ಮಾವ. ಕತ್ತಲಿರುವಾಗಲೇ ಎದ್ದು, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳ ನಡುವೆ ರಬ್ಬರ್ ಮರ ಕೆತ್ತುವ ಯೋಚನೆಗೇ ತಂಬಿಯ ಕಾಲು ತುರಿಸುತ್ತಿತ್ತು. ಹೇಗೋ ಬಾಕ್ಸುಗಳು ತಯಾರಾಗಿ, ಮೂಟೆ ಕಟ್ಟಿಯೂ ಆಗಿತ್ತು.

“ಅಮ್ಮಚ್ಚೀ, ಆಚಾರಿ ಅಳತೆ ತೆಗೆದ ಮೇಲೆ ಅಲ್ವಾ ನೀವು ಇದನ್ನು ಬಚ್ಚಲಿಗೆ ತಂದದ್ದು?”

“ಅಲ್ಲ, ಅದಕ್ಕೆ ಮೊದಲೇ ನಿನ್ನ ಮಾವ ಒಂದು ವಾರ ಅದರಲ್ಲಿ ಮಿಂದಿದ್ರು. ನೀನು ಕೇಳಿದಿ ಅಂತ ಒರಸಿ ಕೊಟ್ಟೆ. ಮೂಲೆ ಎಲ್ಲ ಉರುಟಾಗಿತ್ತು. ನಾನೇ ಕತ್ತಿಯಲ್ಲಿ ಕೆತ್ತಿ ಹೊಸದರ ಹಾಗೆ ಮಾಡಿದ್ದು.” ಅವರ ದನಿಯಲ್ಲಿ ಹೆಮ್ಮೆಯಿತ್ತು.

ತಂಬಿ ಟವೆಲಿನಲ್ಲೇ ಜಗಲಿಗೆ ಬಂದು ಕುಸಿದ. ಅಷ್ಟರಲ್ಲಿ ನೆರೆಮನೆಯ ಜೀಪು ಡ್ರೈವರ್ ದುಗ್ಗಪ್ಪ ಬಂದ.

“ತಂಬೀ, ಒಂದು ವಿಷಯ ಹೇಳ್ಲಿಕ್ಕೆ ಬಂದೆ...” ಎಂದವನು ತಂಬಿಯ ಮುಖ ನೋಡಿ ನಿಂತ. “ಎಂತ ಮಾರಾಯ, ಯಾರಿಗೆ ಎಂತಾಯ್ತು?”

ಸಾಲಿ ನಡೆದದ್ದನ್ನೆಲ್ಲ ಹೇಳಿದಳು. ಇನ್ನೊಬ್ಬರ ಕಷ್ಟ ಸಿಕ್ಕಿದರೆ ದುಗ್ಗಪ್ಪನಿಗೆ ಜೀಪಿಗೆ ಡೀಸೆಲ್ ಬಿದ್ದಂತೆ. ತಾನು ಬಂದ ಕೆಲಸವನ್ನು ಅಲ್ಲೇ ಮರೆತ.

“ಸಾಹುಕಾರ್ರು ನನಗೂ ಒಂದು ಸಾಬೂನು ಕೊಟ್ಟಿದ್ರು. ಹೆಂಡತಿ ಪರಿಮಳಕ್ಕೆ ಅಂತ ಸೀರೆಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ನೀರು ಮುಟ್ಟಲಿಲ್ಲ!”

ತಂದು ಪಕ್ಕದಲ್ಲಿಟ್ಟರೆ, ಅದು ಅಪ್ಪ, ಇದು ಮಗು. ದುಗ್ಗಪ್ಪ ಜೀಪಿನಲ್ಲಿ ಆಚಾರಿಯನ್ನು ಹೊತ್ತು ತಂದ. ಹೊಸ ಅಚ್ಚು ಬಂತು. ರಟ್ಟು ಹಾರಿತು, ಅಂಟು ಉಕ್ಕಿತು, ಅವಸರದಲ್ಲಿ ತಂಬಿ ತನ್ನ ಟವೆಲನ್ನೇ ಎರಡು ಬಾಕ್ಸುಗಳಿಗೆ ಅಂಟಿಸಿಕೊಂಡ. ನಡುನಡುವೆ ದುಗ್ಗಪ್ಪ ತಲೆ ಕೆರೆಯುತ್ತಿದ್ದ.

“ಎಂತದೋ ಹೇಳ್ಲಿಕ್ಕಿತ್ತು ಮಾರಾಯ. ಬಾಯಿಗೇ ಬರುದಿಲ್ಲ.”

“ಆಮೇಲೆ ಹೇಳು, ಈಗ ಮಡಚು!”

“ಅಲ್ಲ, ಈ ಸಣ್ಣ ಬಾಕ್ಸುಗಳನ್ನು ಎಂತ ಮಾಡುದು? ಸಾಹುಕಾರ್ರು ಕಂಡರೆ ಮರ್ಯಾದೆ ಹೋಯ್ತು. ನಿನ್ನ ಮಾವ ಕಂಡರೆ ನೀನೇ ಹೋದಿ. ಒಲೆಗೆ ಹಾಕುವನಾ?”

ತಂಬಿಗೆ ಯಾವುದು ಸರಿ, ಯಾವುದು ತಪ್ಪು ಒಂದೂ ತಿಳಿಯಲಿಲ್ಲ. ಅವನು ಹೂಂ ಎಂದನೋ ಊಹೂಂ ಎಂದನೋ ಅವನಿಗೇ ನೆನಪಿಲ್ಲ. ದುಗ್ಗಪ್ಪ ಅದನ್ನು ಹೂಂ ಎಂದೇ ತಿಳಿದು, ಇಡೀ ಮೂಟೆಯನ್ನು ಬಚ್ಚಲ ಹಂಡೆಯ ಒಲೆಗೆ ತುರುಕಿದ. ಹಳೆಯ ಮರದ ಅಚ್ಚನ್ನೂ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ದೊಡ್ಡ ಬಾಕ್ಸುಗಳು ಸಾಲಾಗಿ ನಿಂತವು. ತೋಟದಿಂದ ಬಂದ ಕುಂಞಚ್ಚನ್ ಅವುಗಳನ್ನು ನೋಡಿ, ಗದರಲು ಏನೂ ಸಿಗದೆ ಸ್ನಾನಕ್ಕೆ ಹೋದರು. ತಂಬಿ ಆ ದಿನ ಮೊದಲ ಬಾರಿಗೆ ಉಸಿರುಬಿಟ್ಟ.

ಅಬ್ದುಲ್ಲ ಸಾಹುಕಾರರು ಕಾರಿನಿಂದಿಳಿದು ಒಂದು ಬಾಕ್ಸನ್ನು ಕೈಗೆತ್ತಿಕೊಂಡರು. ತಮ್ಮ ಕಿಸೆಯಿಂದ ಒಂದು ಸಾಬೂನು ತೆಗೆದು ಒಳಗೆ ಹಾಕಿ ಅಲ್ಲಾಡಿಸಿದರು. ಗಡಗಡ ಸದ್ದಾಯಿತು.

“ಇದೆಂತ ಮಾರಾಯ, ಸಾಬೂನಿಗೆ ಬಂಗಲೆ ಕಟ್ಟಿದ್ದಾ?”

ತಂಬಿ ಸಾಬೂನನ್ನು ಹೊರತೆಗೆದು ನೋಡಿದ. ಅತ್ತೆ ಕೆತ್ತಿ ಕೊಟ್ಟದ್ದರಷ್ಟೇ ಇತ್ತು, ಕೂದಲೆಳೆಯ ವ್ಯತ್ಯಾಸವಿಲ್ಲ.

“ಎಣ್ಣೆಗೆ ರೇಟು ಏರಿತು,” ಎಂದರು ಸಾಹುಕಾರರು. “ಸಾಬೂನಿಗೆ ರೇಟು ಏರಿಸಿದರೆ ಜನ ಬೈತಾರೆ, ಸಣ್ಣ ಮಾಡಿದರೆ ಯಾರಿಗೂ ಗೊತ್ತಾಗುದಿಲ್ಲ. ಬಾಕ್ಸ್ ಸಣ್ಣ ಮಾಡ್ಲಿಕ್ಕೆ ನಿನ್ನೆಯೇ ಹೇಳಿ ಕಳಿಸಿದ್ದೆನಲ್ಲ, ಈ ದುಗ್ಗಪ್ಪನ ಹತ್ರ?”

“ಅದೇ!” ದುಗ್ಗಪ್ಪ ಸಂತೋಷದಿಂದ ತೊಡೆ ತಟ್ಟಿದ. “ಬೆಳಿಗ್ಗೆಯಿಂದ ನೆನಪಾಗದ್ದು ಅದೇ ಮಾರಾಯ್ರೆ! ಈಗ ತಲೆ ಹಗುರಾಯ್ತು.”

ಸಾಹುಕಾರರು ಕರುಣೆಯುಳ್ಳವರು. “ಹೋಗಲಿ, ಈ ಸಾಬೂನು ಇಲ್ಲೇ ಇರಲಿ. ನನ್ನ ಹತ್ರ ಇದೊಂದೇ ಇರುದು, ಜೋಪಾನ. ನಾಳೆ ಸಂಜೆಗೆ ಬಾಕ್ಸ್ ಆಗದಿದ್ದರೆ ನಾನು ಮಂಗಳೂರಿನವರಿಗೆ ಕೊಡುದು,” ಎಂದು ಹೊರಟುಹೋದರು.

ತಂಬಿ ಸಾಬೂನನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಅಷ್ಟರಲ್ಲಿ ಬಚ್ಚಲ ಬಾಗಿಲು ಚೂರು ತೆರೆದು, ಮಾವನ ಒದ್ದೆ ಕೈ ಹೊರಗೆ ಬಂತು.

“ತಂಬೀ, ನೀರು ಇವತ್ತು ಲಾಯ್ಕ ಬಿಸಿ ಉಂಟು. ಸಾಬೂನು ಮಾತ್ರ ಕೈಜಾರಿ ಚರಂಡಿಗೆ ಹೋಯಿತು. ಒಂದು ಕೊಡು.”

“ಅಪ್ಪಚ್ಚಾ, ಇದು... ಅಳತೆಗೆ...”

“ಎಂತ?” ಬಾಗಿಲಿನ ಹಿಂದಿನಿಂದ ಗದರಿಕೆ ಬಂತು.

“ಕೊಡು ಮಾರಾಯ,” ದುಗ್ಗಪ್ಪ ಕಿವಿಯಲ್ಲಿ ಹೇಳಿದ. “ಅಳತೆಗೆ ನನ್ನ ಹೆಂಡತಿಯ ಪೆಟ್ಟಿಗೆಯದ್ದು ಉಂಟಲ್ಲ!”

ಆ ಗೊಂದಲದಲ್ಲಿ ತಂಬಿಗೆ ಅದು ಸರಿಯೆಂದೇ ತೋರಿತು. ಕೊಟ್ಟುಬಿಟ್ಟ. ಬಾಗಿಲು ಮುಚ್ಚಿತು, ಒಳಗೆ ಮಾವ ಹಾಡುತ್ತ ಮೈಗೆ ಸಾಬೂನು ತಿಕ್ಕತೊಡಗಿದರು. ಆಗ ಪೆಟ್ಟಿಗೆಯ ಸಾಬೂನಿನ ಗಾತ್ರ ನೆನಪಾಗಿ ತಂಬಿಯ ಕಾಲು ತುರಿಸತೊಡಗಿತು.