ಎಡಕ್ಕೆ ಎಳೆಯುವ ಕಂಟ್ರೋಲರ್

ಮಧ್ಯಾಹ್ನ ಮೂರಕ್ಕೆ ಪರೀಕ್ಷೆ ಇಟ್ಟುಕೊಂಡು, ಬೆಳಿಗ್ಗೆ ಎಂಟಕ್ಕೆ ಕೊಕ್ಕೆಯಣ್ಣನ ಹೆಂಡತಿ ಆ ವಿಡಿಯೋ ಗೇಮಿನ ಕಂಟ್ರೋಲರ್‌ಗೆ ಸ್ನಾನ ಮಾಡಿಸಿದ್ದೇ ಎಲ್ಲಕ್ಕೂ ಮೂಲವಾಯಿತು.

ಸ್ನಾನ ಅಂದರೆ ಪೂರ್ತಿ ಸ್ನಾನವೇನಲ್ಲ. ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ಉಜ್ಜಿ, ಗುಂಡಿಗಳ ಸಂದಿಯಲ್ಲಿ ವರ್ಷಗಳಿಂದ ಕೂತಿದ್ದ ಕೊಳೆಯನ್ನೆಲ್ಲ ತೆಗೆದು, ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಿದ್ದಳು. ಕೊಕ್ಕೆಯಣ್ಣ ಎದ್ದು ಬಂದು ನೋಡಿದಾಗ ಅದರ ವೈರಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನೇ ಮಾಡಿದೆ ಇದಕ್ಕೆ?"

"ಇವತ್ತು ಸಾಹೇಬ್ರು ಕಂಪ್ಯೂಟರ್‌ನಲ್ಲಿ ನೋಡ್ತಾರೆ ಅಂದ್ರಲ್ಲ. ಅಂಥ ಗಲೀಜು ಸಾಮಾನು ಹಿಡ್ಕೊಂಡು ಕೂತ್ರೆ ಬೈಸ್ಕೊಳ್ಳೋಳು ನಾನೇ ತಾನೆ?"

ಅವಳದೂ ತಪ್ಪಲ್ಲ. ಎರಡು ತಿಂಗಳಿಂದ ಆ ಮನೆಯಲ್ಲಿ ಎಲ್ಲರ ಉಸಿರೂ ಆ ಕಂಟ್ರೋಲರ್‌ಗೆ ಸಿಕ್ಕಿಹಾಕಿಕೊಂಡಿತ್ತು.

ಕೊಕ್ಕೆಯಣ್ಣ ಬಂದರಿನಲ್ಲಿ ಕ್ರೇನು ನಡೆಸುವವನು. ಇಪ್ಪತ್ತಾರು ವರ್ಷ ನಾಲ್ಕನೇ ನಂಬರಿನ ಕ್ರೇನಿನ ಗೂಡಿನಲ್ಲಿ ಕೂತು, ಹಡಗಿನಿಂದ ಕಂಟೇನರ್ ಡಬ್ಬಗಳನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿ ಲಾರಿಯ ಮೇಲೆ ಇಳಿಸಿದ್ದ. ಅದರಿಂದಲೇ ಆ ಹೆಸರು. ಈಗ ಕಂಪನಿಯವರು ಹೊಸ ಏರ್ಪಾಡು ಮಾಡಿದ್ದರು. ಕ್ರೇನಿನ ಮೇಲೆ ಯಾರೂ ಹತ್ತಬೇಕಾಗಿಲ್ಲ. ಆಫೀಸಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು, ಪರದೆ ನೋಡುತ್ತ, ಕೈಯಲ್ಲಿ ಆಟದ ಕಂಟ್ರೋಲರ್‌ನಂಥದೇ ಒಂದನ್ನು ಹಿಡಿದು ನಡೆಸಿದರೆ ಸಾಕು. ಇದ್ದವರು ಹನ್ನೊಂದು ಜನ, ಹಾಕಿದ ಕುರ್ಚಿ ಮೂರು. ಉಳಿದ ಎಂಟು ಜನ ಮನೆಗೆ ಹೋಗಬೇಕು. ಮನೆಗೆ ಅನ್ನುವುದೂ ಸರಿಯಲ್ಲ, ಯಾಕೆಂದರೆ ಮನೆಯೂ ಕಂಪನಿಯದೇ. ತಿಂಗಳ ಕೊನೆಗೆ ಕ್ವಾರ್ಟರ್ಸ್ ಖಾಲಿ ಮಾಡಿ ಬೀಗದ ಕೈ ಕೊಡಬೇಕು.

ಕಂಪನಿಯವರಿಗೆ ಈಗ ಎಲ್ಲವನ್ನೂ ದೂರದಿಂದಲೇ ಮಾಡುವ ಹುಚ್ಚು. ಪರೀಕ್ಷೆಯೂ ದೂರದಿಂದಲೇ. ಅಭ್ಯಾಸಕ್ಕೊಂದು ಪ್ರೋಗ್ರಾಂ ಕಳಿಸಿ, "ಕೈಗೆ ಒಗ್ಗಿದ ಯಾವ ಕಂಟ್ರೋಲರ್ ಆದರೂ ಸರಿ, ಮನೆಯ ಕಂಪ್ಯೂಟರ್‌ಗೆ ಜೋಡಿಸಿಕೊಳ್ಳಿ" ಎಂದು ಕಾಗದ ಬರೆದಿದ್ದರು. ಕೆಲಸದಿಂದ ತೆಗೆಯುವುದನ್ನೂ ಎದುರಿಗೆ ಕೂರಿಸಿಕೊಂಡು ಮಾಡುವ ಕಷ್ಟ ಅವರಿಗೆ ಬೇಡವಾಗಿತ್ತು.

ಮಗಳು ಹನ್ನೆರಡು ವರ್ಷದವಳಿದ್ದಾಗ ಕೊಡಿಸಿದ, ಟಿವಿಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆಯೊಂದು ಅಟ್ಟದ ಮೇಲಿತ್ತು. ಮಗಳು ಮದುವೆಯಾಗಿ ಹೋಗಿದ್ದಳು, ಪೆಟ್ಟಿಗೆ ಸತ್ತುಹೋಗಿತ್ತು, ಕಂಟ್ರೋಲರ್‌ಗಳೆರಡು ಉಳಿದಿದ್ದವು. ಕಪ್ಪನೆಯದರ ವೈರು ಕಂಪ್ಯೂಟರ್‌ಗೆ ಹೊಂದಿತು. ಅಳಿಯ ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟ. ಪರದೆಯ ಮೇಲೆ ಒಂದು ಚೌಕ ಬಂತು, ಚೌಕದ ನಡುವೆ ಒಂದು ಪ್ಲಸ್ ಗುರುತು. ಕಂಟ್ರೋಲರ್ ಮೇಲೆ ಹೆಬ್ಬೆರಳಿನಿಂದ ಆಡಿಸುವ ಪುಟ್ಟ ಕಡ್ಡಿಯನ್ನು, ಅಂದರೆ ಸ್ಟಿಕ್ಕನ್ನು, ಯಾರೂ ಮುಟ್ಟದಿದ್ದರೆ ಆ ಗುರುತು ನಡುವೆಯೇ ನಿಲ್ಲಬೇಕು. ಅದು ನಿಲ್ಲಲಿಲ್ಲ. ಯಾರೋ ಕರೆದ ಹಾಗೆ ಮೆಲ್ಲಗೆ ಎಡಕ್ಕೆ ಹೊರಟಿತು.

"ಸ್ಟಿಕ್ ಸವೆದಿದೆ ಮಾವ. ಹೊಸದು ತಗೊಂಬಿಡಿ," ಅಂದ ಅಳಿಯ.

"ಎಳೆದ್ರೆ ಎಳೀಲಿ ಬಿಡಪ್ಪ. ನಾನು ಹೊಂದ್ಕೋತೀನಿ."

ಹೊಂದಿಕೊಳ್ಳುವುದು ಅವನ ದೊಡ್ಡ ಗುಣ. ಆ ಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ ಅರ್ಧ ಹಿಂದಕ್ಕೆ ತಂದರೆ ಮಾತ್ರ ನಿಲ್ಲುತ್ತಿತ್ತು. ಒಂದು ಕಾಲು ಗಿಡ್ಡವಾದ ಕುರ್ಚಿಯ ಮೇಲೆ ಎಡಗಾಲು ನೆಲಕ್ಕೆ ಊರಿಯೇ ಕೂರಬೇಕಿತ್ತು. ಮೆಟ್ಟಿಲ ಕಡೆಗೆ ತೆರೆಯುವ ಮುಂಬಾಗಿಲು ಉಬ್ಬಿ ನೆಲಕ್ಕೆ ಕಚ್ಚಿಕೊಂಡಿದ್ದರಿಂದ, ಹೊರಗೆ ಹೋಗುವಾಗ ಹಿಡಿ ಮೇಲಕ್ಕೆತ್ತಿ ಭುಜ ಕೊಟ್ಟು ಗುದ್ದಬೇಕಿತ್ತು. ಅವನಿಗೆ ಇದೊಂದೂ ಕೆಟ್ಟಿದೆ ಅನ್ನಿಸುತ್ತಲೇ ಇರಲಿಲ್ಲ. ಕೈಗೆ ಗೊತ್ತಿತ್ತು, ಮೈಗೆ ಗೊತ್ತಿತ್ತು.

ನಾಲ್ಕನೇ ಕ್ರೇನಿನ ಬ್ರೇಕೂ ಹಾಗೆಯೇ. ಒತ್ತಿದ ಮೇಲೆ ಒಂದು ಕ್ಷಣ ತಡೆದು ಹಿಡಿಯುತ್ತಿತ್ತು. ಅವನು ಆ ಒಂದು ಕ್ಷಣ ಮುಂಚೆಯೇ ಒತ್ತುವುದನ್ನು ರೂಢಿ ಮಾಡಿಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ, ಹೇಳಬೇಕೆಂದು ತೋಚಿಯೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಮಗಳ ಮದುವೆಗೆ ಎರಡು ದಿನ ರಜೆ ಹಾಕಿದಾಗ ಅವನ ಗೂಡಿನಲ್ಲಿ ಬೇರೊಬ್ಬ ಕೂತ, ಬ್ರೇಕು ತಡೆದು ಹಿಡಿಯಿತು, ಡಬ್ಬ ನೆಲಕ್ಕೆ ಬಂತು. ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಹಮಾಲಿಯೊಬ್ಬ ಮೇಲೇಳಲಿಲ್ಲ. ನಡೆಸುವವನ ಅಜಾಗರೂಕತೆ ಎಂದು ಬರೆದು ಆ ಬೇರೊಬ್ಬನನ್ನು ಮನೆಗೆ ಕಳಿಸಿದರು. ಅಂದಿನಿಂದ, ಹೋದ ತಿಂಗಳು ಆ ಕ್ರೇನು ನಿಲ್ಲಿಸುವವರೆಗೂ, ಕೊಕ್ಕೆಯಣ್ಣ ಒಂದು ದಿನವೂ ರಜೆ ಹಾಕಲಿಲ್ಲ. ಯಾಕೆಂದು ಹೆಂಡತಿಗೆ ಗೊತ್ತು, ಅವಳು ಕೇಳುವುದಿಲ್ಲ.

ಎರಡು ತಿಂಗಳ ಅಭ್ಯಾಸದಲ್ಲಿ ಅವನ ಹೆಬ್ಬೆರಳು ಸ್ಟಿಕ್ಕನ್ನು ಬಲಕ್ಕೆ ಒತ್ತಿ ಹಿಡಿಯುವುದನ್ನು ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ, ನೂರಕ್ಕೆ ತೊಂಬತ್ತೆಂಟು ಅಂಕ ಬರತೊಡಗಿತ್ತು. ಹನ್ನೊಂದು ಜನರಲ್ಲಿ ಅಷ್ಟು ಯಾರಿಗೂ ಇರಲಿಲ್ಲ.

ಈಗ ಅದು ನೀರು ಕುಡಿದು ಸುಮ್ಮನೆ ಮಲಗಿತ್ತು. ವೈರು ಚುಚ್ಚಿದರೆ ದೀಪವಿಲ್ಲ, ಚೌಕವಿಲ್ಲ, ಪ್ಲಸ್ ಗುರುತಿಲ್ಲ.

ಹೊರಗಿನಿಂದ ಯಾರೋ ಬಾಗಿಲು ಎಳೆದಾಡಿದರು. ಕೊಕ್ಕೆಯಣ್ಣ ಭುಜ ಕೊಟ್ಟು ಗುದ್ದಿದ. ಮೇಲಿನ ಮನೆಯ ಮೇಷ್ಟ್ರು ಮೂಗು ಉಜ್ಜಿಕೊಳ್ಳುತ್ತ ಒಳಗೆ ಬಂದರು. ಶಾಲೆಯಿಂದ ನಿವೃತ್ತರಾಗಿ ಮಗನ ಕ್ವಾರ್ಟರ್ಸಿನಲ್ಲಿದ್ದ ಅವರಿಗೆ ಬೆಳಗಿನ ಪೇಪರ್ ಓದಿ ಮುಗಿದ ಮೇಲೆ ಇನ್ನೊಬ್ಬರ ಮನೆಯ ವಿಚಾರವೇ ಆಗಬೇಕು.

"ಒದ್ದೆ ಆಗಿದೆ ಅಷ್ಟೆ. ಒಣಗಿಸಿದ್ರೆ ಮುಗೀತು. ಇಸ್ತ್ರಿಪೆಟ್ಟಿಗೆ ತಗೊಂಬನ್ನಿ ತಾಯಿ."

"ಇಸ್ತ್ರಿ ಬೇಡ ಮೇಷ್ಟ್ರೇ!"

"ಮೂವತ್ತೈದು ವರ್ಷ ವಿಜ್ಞಾನ ಹೇಳ್ಕೊಟ್ಟಿದೀನಿ ಕಣ್ರೀ."

ಆ ಮೂವತ್ತೈದು ವರ್ಷದ ಮಕ್ಕಳ ಗತಿ ಏನಾಯಿತೋ. ಇಸ್ತ್ರಿಪೆಟ್ಟಿಗೆ ಎರಡು ನಿಮಿಷ ಹತ್ತಿರ ಕೂತದ್ದೇ ತಡ, ಸ್ಟಿಕ್ಕಿನ ರಬ್ಬರ್ ಟೋಪಿ ಮೆತ್ತಗಾಗಿ ಒಂದು ಪಕ್ಕಕ್ಕೆ ಜೋತುಬಿತ್ತು. ಸುಟ್ಟ ವಾಸನೆ ಮೆಟ್ಟಿಲಿಳಿದು ಕೆಳಗೆ ಹೋಯಿತು. ವಾಸನೆಯ ಹಿಂದೆಯೇ ವಾಚಪ್ಪ ಹತ್ತಿ ಬಂದ.

ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ವಾಚು ರಿಪೇರಿ ಮಾಡುತ್ತ ಅಲ್ಲೇ ಮಲಗುವ ವಾಚಪ್ಪನಿಗೆ ಎಂಟು ತಿಂಗಳಿಂದ ಕೆಲಸವಿರಲಿಲ್ಲ. ಎಲ್ಲರೂ ಫೋನಿನಲ್ಲೇ ಗಂಟೆ ನೋಡುತ್ತಿದ್ದರು. ಕೈ ಸುಮ್ಮನಿರದೆ ಅವನು ತನ್ನದೇ ಅಲಾರಂ ಗಡಿಯಾರವನ್ನು ದಿನಾ ಬಿಚ್ಚಿ ಜೋಡಿಸುತ್ತಿದ್ದ.

"ಏನೋ ಕೆಟ್ಟಿದೆಯಂತೆ?" ಅಂದ. ಹಸಿದವನಿಗೆ ಅನ್ನದ ಪರಿಮಳ ಸಿಕ್ಕಂತೆ ಅವನ ಮುಖ ಅರಳಿತ್ತು.

"ವಾಚಪ್ಪ, ಕೈಮುಗೀತೀನಿ, ಮುಟ್ಬೇಡಿ."

ಅಷ್ಟರಲ್ಲಿ ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಎರಡು ತಿರುಪು ಬಿಚ್ಚಿಯಾಗಿತ್ತು. "ಎರಡೂಮುಕ್ಕಾಲಿಗೆ ತಂದ್ಕೊಡ್ತೀನಿ ಅಣ್ಣ," ಎಂದು ಅದನ್ನು ಮಗುವಿನಂತೆ ಎದೆಗವಚಿಕೊಂಡು ಇಳಿದುಹೋದ.

ಕೊಕ್ಕೆಯಣ್ಣನಿಗೆ ನಂಬಿಕೆ ಬರಲಿಲ್ಲ. ಅಟ್ಟ ಹತ್ತಿ ಇನ್ನೊಂದು ಕಂಟ್ರೋಲರ್, ಬೂದು ಬಣ್ಣದ್ದು, ತೆಗೆದ. ಅದರ ವೈರಿನ ತುದಿ ದುಂಡಗಿತ್ತು. ಕಂಪ್ಯೂಟರ್‌ನಲ್ಲಿ ಆ ಆಕಾರದ ತೂತೇ ಇರಲಿಲ್ಲ. ಮೇಷ್ಟ್ರೂ ಅವನೂ ಬಿಸಿಲಲ್ಲಿ ಐದು ಅಂಗಡಿ ತಿರುಗಿದರು. ಐದನೆಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಆಡ್ತಿದ್ದವರು ಇನ್ನೂ ಇದಾರಾ?" ಎಂದು ಕೇಳಿ, ಧೂಳು ಹಿಡಿದ ಡಬ್ಬಿಯೊಂದರಿಂದ ದುಂಡನೆಯದನ್ನು ಚಪ್ಪಟೆ ಮಾಡುವ ಅಡಾಪ್ಟರ್ ಗಂಟೊಂದನ್ನು ಹುಡುಕಿಕೊಟ್ಟ.

ಮನೆಗೆ ಬಂದು ಚುಚ್ಚಿದಾಗ ಗಂಟೆ ಒಂದೂವರೆ. ಕಂಪ್ಯೂಟರ್ ಈ ಬೂದು ಮುದುಕನನ್ನು ಒಪ್ಪಿಕೊಂಡಿತು, ಆದರೆ ತಲೆಕೆಳಗಾಗಿ. ಕೊಕ್ಕೆ ಮೇಲೆತ್ತಲು ಹೋದರೆ ಇಳಿಯಿತು. ಮೊದಲ ಡಬ್ಬ ಹಡಗಿನ ತಳ ಒಡೆಯಿತು. ಎರಡನೆಯದು ಸಮುದ್ರಕ್ಕೆ ಹೋಯಿತು. ಅಳಿಯನಿಗೆ ಫೋನ್ ಮಾಡಿದರೆ ಅವನು ಎತ್ತಲಿಲ್ಲ.

"ಮೇಲಿದ್ದದ್ದು ಕೆಳಗೆ ಬರ್ತಿದೆ ಅಂದ್ರೆ ಪರಿಹಾರ ಸುಲಭ," ಅಂದರು ಮೇಷ್ಟ್ರು. "ಪರದೇನೇ ತಲೆಕೆಳಗೆ ಇಡೋಣ."

ಬೇರೆ ದಿನವಾಗಿದ್ದರೆ ಅವನು ಅವರನ್ನು ಬಾಗಿಲಾಚೆಗೆ ದಬ್ಬುತ್ತಿದ್ದ. ಆದರೆ ಹೆಂಡತಿ ಆಗಲೇ ಪರದೆಯ ಅಡಿಗೆ ದಿಂಬು ಕೊಡುತ್ತಿದ್ದಳು. ಬೆಳಗಿನ ತಪ್ಪಿಗೆ ಏನಾದರೂ ಮಾಡಬೇಕೆಂದು ಅವಳ ಜೀವ ಒದ್ದಾಡುತ್ತಿತ್ತು. ಪರದೆಯನ್ನು ಬುಡಮೇಲು ಮಾಡಿದರು. ಸಮುದ್ರ ಮೇಲೆ, ಆಕಾಶ ಕೆಳಗೆ. ಈಗ ಮೇಲೆ ಎಂದರೆ ಮೇಲೆಯೇ ಹೋಗುತ್ತಿತ್ತು ನಿಜ, ಆದರೆ ಎಡವೆಂಬುದು ಬಲವಾಗಿ, ಬಲವೆಂಬುದು ಎಡವಾಗಿ ಕೂತಿತ್ತು. ಅರ್ಧ ಗಂಟೆಯಲ್ಲಿ ಕೊಕ್ಕೆಯಣ್ಣನಿಗೆ ತಲೆ ಸುತ್ತಿ ವಾಂತಿ ಬಂದಂತಾಯಿತು.

"ಇಲ್ಲ ಕಣೇ," ಅಂದ, ಕಂಟ್ರೋಲರ್ ಕೆಳಗಿಟ್ಟು. "ಈ ವಯಸ್ಸಲ್ಲಿ ಮನೆ ಹುಡುಕ್ಕೊಂಡು ಎಲ್ಲಿ ಹೋಗೋಣ ಹೇಳು."

ಅವಳು ಪರದೆಯ ಅಡಿಯ ದಿಂಬನ್ನು ಮತ್ತೆ ಮತ್ತೆ ಸರಿಪಡಿಸಿದಳು.

ಹೇಳಿದ ಎರಡೂಮುಕ್ಕಾಲು ದಾಟಿ, ಮೂರಕ್ಕೆ ಐದು ನಿಮಿಷವಿದ್ದಾಗ ವಾಚಪ್ಪ ಓಡಿಬಂದ. ಕಪ್ಪು ಕಂಟ್ರೋಲರ್ ಮಿರಮಿರ ಮಿಂಚುತ್ತಿತ್ತು. ಸುಟ್ಟ ಟೋಪಿಯ ಜಾಗದಲ್ಲಿ ಯಾವುದೋ ಹಳೇ ಗಡಿಯಾರದ ರಬ್ಬರ್ ಬಿಲ್ಲೆ. ಚುಚ್ಚಿದರು, ದೀಪ ಹತ್ತಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪರದೆ ನೆಟ್ಟಗೆ ಮಾಡಿ, ದಿಂಬು ತೆಗೆದು, ಒಂದು ಸಲ ಕೈಯಾಡಿಸಿ ನೋಡೋಣ ಅನ್ನುವಷ್ಟರಲ್ಲಿ ಟೈ ಕಟ್ಟಿದ ಸಾಹೇಬರ ಮುಖ ಪರದೆಯ ಮೂಲೆಯಲ್ಲಿ ಮೂಡಿತು.

"ಐದು ಡಬ್ಬ. ಹಡಗಿನಿಂದ ಲಾರಿಗೆ. ಶುರು ಮಾಡಿ."

ಕೊಕ್ಕೆಯಣ್ಣ ಎಡಗಾಲು ಊರಿ ಕೂತ. ಮೊದಲನೇ ಡಬ್ಬ ಎತ್ತಿ ಲಾರಿಯ ಮೇಲೆ ತಂದು, ಎಂದಿನಂತೆ ಹೆಬ್ಬೆರಳಲ್ಲಿ ಬಲಕ್ಕೆ ಒತ್ತಿ ಹಿಡಿದು ಇಳಿಸಿದ. ಡಬ್ಬ ಬಲಕ್ಕೆ ತೇಲಿಹೋಗಿ, ಲಾರಿಯ ಪಕ್ಕ ಹಳದಿ ಟೋಪಿ ಹಾಕಿ ನಿಂತಿದ್ದ ಚಿಕ್ಕ ಮನುಷ್ಯನ ಮೇಲೆ ಕೂತಿತು. ಹಳದಿ ಟೋಪಿ ಮಾತ್ರ ಉರುಳುತ್ತ ಈಚೆ ಬಂತು.

"ಡ್ರೈವರ್ ಸತ್ತ," ಅಂದರು ಸಾಹೇಬರು, ಏನೋ ಬರೆದುಕೊಳ್ಳುತ್ತ. "ಮುಂದಿನದು."

ಕೊಕ್ಕೆಯಣ್ಣ ಎರಡನೇ ಡಬ್ಬ ಎತ್ತಿದ. ಬಲಕ್ಕೆ ಒತ್ತಬಾರದು ಎಂದು ತಲೆ ಹೇಳುತ್ತಿತ್ತು. ಹೆಬ್ಬೆರಳು ತಲೆಯ ಮಾತು ಕೇಳಿ ಎರಡು ತಿಂಗಳಾಗಿತ್ತು. ಎರಡನೇ ಡಬ್ಬಕ್ಕೆ ಇನ್ನೊಬ್ಬ ಹೋದ. ಮೂರನೆಯದಕ್ಕೆ ಮತ್ತೊಬ್ಬ. ಪ್ರತಿ ಸಲವೂ ಹೊಸ ಹಳದಿ ಟೋಪಿಯವನು ಹಿಂದಿನವನ ಗತಿ ಗೊತ್ತಿಲ್ಲದೆ ಅದೇ ಜಾಗದಲ್ಲಿ ಬಂದು ನಿಲ್ಲುತ್ತಿದ್ದ. ಕೊಕ್ಕೆಯಣ್ಣನಿಗೆ ಬಿಚ್ಚಿಟ್ಟ ಬುತ್ತಿಯೊಂದು ಕಣ್ಣಮುಂದೆ ಬಂತು. ನಾಲ್ಕನೇ ಡಬ್ಬ ಲಾರಿಯ ಅಂಚಿಗೆ ಬಡಿಯಿತು. ಐದನೆಯದು, ಕೈ ಅಷ್ಟು ಹೊತ್ತಿಗೆ ಪಾಠ ಕಲಿತು, ನೆಟ್ಟಗೆ ಹೂವಿನಂತೆ ಇಳಿಯಿತು.

"ಕೊನೇದು ಚೆನ್ನಾಗಿತ್ತು," ಅಂದರು ಸಾಹೇಬರು. "ಆದ್ರೆ ಮೂರು ಸಾವು ಆಗಿದೆಯಲ್ಲ."

ಹಿಂದೆ ನಿಂತಿದ್ದ ವಾಚಪ್ಪನಿಗೆ ತಡೆಯಲಾಗಲಿಲ್ಲ. "ಅಣ್ಣ, ಈಗ ಎಡಕ್ಕೆ ಎಳೀತಿಲ್ಲ ಅಲ್ವಾ? ನೀರಿಗೆ ಕೆಟ್ಟಿದ್ದು ಬರೀ ವೈರು. ಸ್ಟಿಕ್ಕು ಮೊದಲಿಂದಾನೇ ಸವೆದಿತ್ತು. ಅದನ್ನೂ ಬಿಚ್ಚಿ, ಸ್ಪ್ರಿಂಗ್ ಬಿಗಿ ಮಾಡಿ, ಸರಿಯಾಗಿ ನಡುವೆ ಕೂರಿಸಿದೀನಿ. ಒಂದು ಕೂದಲೆಳೆ ಅಲ್ಲಾಡಲ್ಲ!"

ಕೊಕ್ಕೆಯಣ್ಣ ಪರದೆಯ ಕಡೆ ಬಗ್ಗಿದ. "ಸಾರ್, ಕೇಳಿಸ್ಕೊಂಡ್ರಲ್ಲ? ಇನ್ನೊಂದು ಅವಕಾಶ ಕೊಡಿ ಸಾರ್."

"ಕಂಟ್ರೋಲರ್ ಕೆಟ್ಟಿತ್ತು ಅಂದ್ರೆ ಕೊಡಬಹುದಿತ್ತು. ಅದಕ್ಕೆ ಫಾರಂನಲ್ಲಿ ಜಾಗ ಇದೆ. ಸರಿಯಾಗಿತ್ತು, ಅದಕ್ಕೇ ಫೇಲಾದ್ರು ಅಂತ ಎಲ್ಲಿ ಬರೀಲಿ?"

"ಎರಡು ತಿಂಗಳು ಅದು ಎಳೆದಂಗೇ ಹೊಂದ್ಕೊಂಡಿದ್ದೆ ಸಾರ್..."

"ಅದೇ ಬೇಡ ಅಂತಾನೇ ಈ ಏರ್ಪಾಡು ಮಾಡಿರೋದು," ಅಂದರು ಸಾಹೇಬರು. "ನಾಲ್ಕನೇ ಕ್ರೇನ್‌ದು ಗೊತ್ತಾ ನಿಮಗೆ? ಹೋದ ತಿಂಗಳು ಬಿಚ್ಚಿದಾಗ ಬ್ರೇಕು ವರ್ಷಗಳಿಂದ ಕೆಟ್ಟಿದ್ದು ಗೊತ್ತಾಯ್ತು. ಯಾರೋ ಪುಣ್ಯಾತ್ಮ ಹೊಂದ್ಕೊಂಡಿದ್ದನಂತೆ. ಅದಕ್ಕೇ ಒಂದು ಜೀವ ಹೋಯ್ತು."

ಕೊಕ್ಕೆಯಣ್ಣ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟ.

"ಆ ಹಿಂದಿರೋರು ಯಾರು? ಸ್ವಲ್ಪ ಮುಂದೆ ಬನ್ನಿ," ಎಂದರು ಸಾಹೇಬರು. "ನಮ್ಮಲ್ಲೂ ಇಂಥವು ಹದಿನೆಂಟು ಬಿದ್ದಿವೆ. ಎಲ್ಲಾ ಎಡಕ್ಕೋ ಬಲಕ್ಕೋ ಎಳೀತವೆ. ನೀವು ಸರಿ ಮಾಡ್ತೀರಾ?"

ವಾಚಪ್ಪ ಮುಂದೆ ಬಂದ. ಕೂರಲು ಜಾಗ ಬೇಕಿತ್ತು. ಕೊಕ್ಕೆಯಣ್ಣ ಎದ್ದು ಕುರ್ಚಿ ಬಿಟ್ಟುಕೊಟ್ಟ.

ಸಂಜೆ ಐದೂವರೆಗೆ ವಾಚಪ್ಪ ಮತ್ತೆ ಮೇಲೆ ಬಂದ. ಬೆಳಿಗ್ಗೆಯ ಸಡಗರವಿರಲಿಲ್ಲ. ಹೊಸ್ತಿಲ ಹೊರಗೇ ನಿಂತು ತಲೆ ಕೆರೆದುಕೊಂಡ.

"ಆಫೀಸಿಂದ ಫೋನ್ ಬಂದಿತ್ತು ಅಣ್ಣ. ನಾಳೆಯಿಂದ ಬನ್ನಿ ಅಂದ್ರು. ಕಾಯಂ ಕೆಲಸ."

"ಒಳ್ಳೇದಾಯ್ತು ಬಿಡಿ," ಅಂದ ಕೊಕ್ಕೆಯಣ್ಣ. ನಿಜವಾಗಿಯೂ ಅಂದ. ಎಂಟು ತಿಂಗಳು ಆ ಅಲಾರಂ ಸದ್ದು ಅವನೂ ಕೇಳಿದ್ದ.

"ಕ್ವಾರ್ಟರ್ಸೂ ಕೊಡ್ತಾರಂತೆ." ವಾಚಪ್ಪ ನೆಲ ನೋಡಿದ. "ಮೆಟ್ಟಿಲ ಕೆಳಗೇ ಇದೀರಿ, ಸಾಮಾನು ದೂರ ಸಾಗಿಸೋದು ಬೇಡ, ಈ ಮನೇನೇ ತಿಂಗಳ ಕೊನೆಗೆ ಖಾಲಿ ಆಗುತ್ತೆ ಅಂದ್ರು."

ಒಳಗೆ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಹೆಂಡತಿ ಬೆಳಗಿನ ಆ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತ ನಿಂತಳು. ಕೊಕ್ಕೆಯಣ್ಣ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದ.

"ಹಂಗಿದ್ರೆ ಒಳಗೆ ಬನ್ನಿ. ಇಲ್ಲಿ ಏನೇನು ಕೆಟ್ಟಿದೆ ಅಂತ ಹೇಳ್ಬಿಡ್ತೀನಿ. ಯಾರಿಗೂ ಹೇಳ್ದೆ ಹೋಗೋದು ಸರಿಯಲ್ಲ."

ಜೀವಮಾನದಲ್ಲಿ ಮೊದಲ ಸಲ ಅವನು ಒಂದೊಂದಾಗಿ ಹೇಳಿದ. ನಲ್ಲಿ ಎಷ್ಟು ತಿರುಗಿಸಬೇಕು, ಕುರ್ಚಿಯ ಯಾವ ಕಾಲು ಗಿಡ್ಡ, ಕಿಟಕಿಯ ಯಾವ ಚಿಲಕ ಜಾರುತ್ತದೆ. ಮುಖ ತೊಳೆಯಲು ಬಚ್ಚಲಿಗೆ ಹೋಗಿ ಅಲ್ಲೇ ಬಹಳ ಹೊತ್ತು ನಿಂತ. ಹೊರಗೆ ತಿರುಪು, ಸುತ್ತಿಗೆ, ಉಜ್ಜುಕಾಗದದ ಸದ್ದು ನಡೆದೇ ಇತ್ತು. ವಾಚಪ್ಪನ ಕೈಗೆ ಹೇಳಿ ಮುಗಿಸುವವರೆಗೂ ತಾಳ್ಮೆ ಎಲ್ಲಿಯದು.

ಅವನು ಈಚೆ ಬಂದಾಗ ವಾಚಪ್ಪ ಇರಲಿಲ್ಲ. ಮನೆಯೊಳಗೆ ನಿಲ್ಲಲು ಮನಸ್ಸಾಗಲಿಲ್ಲ. ಚಪ್ಪಲಿ ಮೆಟ್ಟಿ, ಎಂದಿನಂತೆ ಬಾಗಿಲ ಹಿಡಿಯನ್ನು ಮೇಲಕ್ಕೆತ್ತಿ, ಮೈಯ ಭಾರವನ್ನೆಲ್ಲ ಭುಜಕ್ಕೆ ತಂದು ಜೋರಾಗಿ ಗುದ್ದಿದ.

ಬಾಗಿಲು ಒಂದಿಷ್ಟೂ ಕಚ್ಚಿಕೊಳ್ಳದೆ ಸಲೀಸಾಗಿ ತೆರೆದುಕೊಂಡಿತು. ಕೊಕ್ಕೆಯಣ್ಣ ಹೊಸ್ತಿಲು ದಾಟಿ, ಮೂರು ಮೆಟ್ಟಿಲು ಹಾರಿ, ನಾಲ್ಕನೆಯದಕ್ಕೆ ಮೊಣಕೈ ಕೊಟ್ಟು ಮಕಾಡೆ ಬಿದ್ದ.

ಮೇಲಿನಿಂದ ಮೇಷ್ಟ್ರು ಬಗ್ಗಿ ನೋಡಿದರು. "ಯಾರ್ರೀ ಅದು ಬಿದ್ದಿದ್ದು?"

"ನಮ್ಮನೆಯವರೇ," ಅಂದಳು ಹೆಂಡತಿ, ಓಡಿಬಂದು ಅವನ ಕೈ ಹಿಡಿದೆತ್ತುತ್ತ. "ಬಾಗಿಲು ಸರಿಹೋಗಿದೆ ಮೇಷ್ಟ್ರೇ, ಅದಕ್ಕೇ."