ಮೋಟಗಿವಿ ಟಗರು ಮತ್ತು ನನ್ನ ಶೈಲಿ

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ನಮ್ಮ ಭಾಗದ ಕುರಿಗಳ ವಿವರ ದಾಖಲಿಸುವ ಕೆಲಸ ನನಗೂ ಸಹೋದ್ಯೋಗಿ ಸವಿತಾ ಮೇಡಂಗೂ ಬಂತು. ಎಲ್ಲರೂ ಒಂದೇ ಪದ ಬಳಸಲಿ ಎಂದು ಮೇಡಂ ಒಂದು ಪಟ್ಟಿ ಮಾಡಿದರು. ಕಿವಿಗೆ ಇಷ್ಟು ಪದ, ಬಣ್ಣಕ್ಕೆ ಇಷ್ಟು. ಇಪ್ಪತ್ತು ವರ್ಷ ಪಾಠ ಹೇಳಿದವನು ಪಟ್ಟಿ ನೋಡಿ ಬರೆಯಬೇಕೆ? "ವಿಜ್ಞಾನಿಗೂ ಒಂದು ಶೈಲಿ ಅಂತ ಇರ್ತೈತ್ರಿ ಮೇಡಂ" ಎಂದು ಅದನ್ನು ಮಡಚಿ ಅವರಿಗೇ ಕೊಟ್ಟೆ.

ಗಲಗಲಿಯ ಹೊಳೆದಂಡೆಯಲ್ಲಿ ಬೀರಪ್ಪ ಮತ್ತು ಅವನ ತಾಯಿ ಲಕ್ಕವ್ವ ಕುರಿ ಮೇಯಿಸುತ್ತಿದ್ದರು. ಮರಿಯಿಂದ ಸಾಕಿದ ತಮ್ಮ ಒಂದೇ ಒಂದು ಟಗರನ್ನು ವಿವರ ಬರೆದುಕೊಳ್ಳಲೆಂದು ನಂಬಿ ನನಗೆ ಒಪ್ಪಿಸಿದರು. ಅದರ ಬೆನ್ನಿಗೆ ಗುರುತಿಗೆಂದು ಕೆಮ್ಮಣ್ಣು ಬಳಿದಿದ್ದರು. ನಿಜವಾದ ಮೈಬಣ್ಣ ಕಾಣಬೇಕಲ್ಲ! ಯಾರನ್ನೂ ಕೇಳದೆ ತಿಕ್ಕಿ ತೊಳೆದೆ. ನಾನು ಎರಡು ಪುಟ ಬರೆದು ಮುಗಿಸುವಷ್ಟರಲ್ಲಿ ಅದರ ಮೈಯೂ ಆರಿತ್ತು.

ಆಗ ರನ್ನ ಬೆಳಗಲಿ ಊರಿನವನೊಬ್ಬನ ಹಿಂಡು ನೀರಿಗೆ ಬಂದು ಇವರ ಹಿಂಡಿನೊಳಗೆ ಬೆರೆಯಿತು. ಬೇರ್ಪಡಿಸುವಾಗ ಆತ ಈ ಟಗರಿನ ಕೊಂಬು ಹಿಡಿದು, ಇದು ತನ್ನದೇ, ಹೋದ ವಾರ ಸಂತೆಯಲ್ಲಿ ಕೊಂಡದ್ದು ಎಂದ. ಬೀರಪ್ಪ ಗುರುತು ತೋರಿಸಲು ಟಗರಿನ ಬೆನ್ನನ್ನು ಆತನತ್ತ ತಿರುಗಿಸಿದ. ಗುರುತೆಲ್ಲಿದೆ? ಅವನ ಮುಖ ಬಾಡಿತು.

"ಸಾಹೇಬ್ರು ಬರದಾರಲ್ಲ, ಅವ್ರ ಓದಲಿ" ಎಂದ ಬೀರಪ್ಪ.

ಗಂಟಲು ಸರಿಮಾಡಿಕೊಂಡು ಓದಿದೆ: "ಮಧ್ಯಮ ಗಾತ್ರ. ಕಿವಿ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಸಂಜೆಯ ಮಣ್ಣಿನಂಥ ಕಂದು. ಗಂಭೀರ ನೋಟ."

ಬೆಳಗಲಿಯವನ ಮುಖ ಅರಳಿತು. "ನಮ್ಮ ಟಗರನ್ನ ಭಾಳ ಛಲೋ ಬರದೀರಿ ಸರ."

ಇಬ್ಬರೂ ತೋಳು ಏರಿಸುವ ಹೊತ್ತಿಗೆ ಲಕ್ಕವ್ವ ಎದ್ದು ಬಂದಳು.

"ನೀ ಕೊಂಡದ್ದು ಎಂಥಾದೋ ತಮ್ಮಾ?"

"ಜೋಲಗಿವಿ ಕೆಂಚ ಬೇ."

"ಇದು ಮೋಟಗಿವಿ ಕೆಂಚ. ಕಿವಿ ಮುಟ್ಟಿ ನೋಡು. ನಿಂದು ಅಲ್ಲಿ ನೀರಾಗ ನಿಂತೈತಿ."

ಆತ ಗಿಡ್ಡ ಕಿವಿ ಮುಟ್ಟಿದ, ಹೊಳೆಯಲ್ಲಿ ಕಿವಿ ಜೋತುಬಿಟ್ಟು ನಿಂತ ತನ್ನ ಟಗರನ್ನು ನೋಡಿದ, ಕೊಂಬು ಬಿಟ್ಟ. ಹಿಂದೆಂದೂ ಭೇಟಿಯಾಗದ ಇಬ್ಬರಿಗೆ ಎರಡು ಪದದಲ್ಲಿ ತಿಳಿದದ್ದು ನನ್ನ ಎರಡು ಪುಟದಲ್ಲಿ ಇರಲಿಲ್ಲ.

ಮರುದಿನ ಮೇಡಂ ಹತ್ತಿರ ಹೋಗಿ ಪಟ್ಟಿ ಬೇಡಿದೆ. ಅವರು ನಗಲಿಲ್ಲ. ನಡೆದದ್ದನ್ನೆಲ್ಲ ಕೇಳಿ, ಪಟ್ಟಿ ಹಿಡಿದು ನೇರವಾಗಿ ಲಕ್ಕವ್ವನ ಬಳಿಗೆ ಹೊರಟರು. ಈಗ ಲಕ್ಕವ್ವ ಪದ ಹೇಳುತ್ತಾಳೆ, ಮೇಡಂ ಪಟ್ಟಿಗೆ ಬರೆದುಕೊಳ್ಳುತ್ತಾರೆ. ನಾನು ಕುರಿ ಹಿಡಿದುಕೊಂಡು ನಿಲ್ಲುತ್ತೇನೆ. ಅದನ್ನೂ ನೆಟ್ಟಗೆ ಹಿಡಿಯುವುದಿಲ್ಲ ಎಂದು ಲಕ್ಕವ್ವನ ದೂರು.