ಏಳು ಸೆಕೆಂಡಿನ ಡಿಸ್ಕು

"ಈ ಮನೆಯ ಕಂಪ್ಯೂಟರ್ ಇನ್ನು ನೂರು ವರ್ಷ ಕೆಡೋ ಹಾಗಿಲ್ಲ!" ಎಂದು ಲಿಫ್ಟ್ ರಾಯರು ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತಲೇ ಘೋರ ಪ್ರತಿಜ್ಞೆ ಮಾಡಿದರು. ಬಾಯಿ ತುಂಬ ನೊರೆಯಿದ್ದುದರಿಂದ ಪ್ರತಿಜ್ಞೆಯ ಅರ್ಧಭಾಗ ಕನ್ನಡಿಗೆ ಹಾರಿತು.

ರಾಯರು ಮೂವತ್ತೈದು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಯಾವ ವಸ್ತುವೇ ಆಗಲಿ, ಬೇಕಾದ್ದಕ್ಕಿಂತ ಹತ್ತು ಪಟ್ಟು ಗಟ್ಟಿಯಿದ್ದರೇ ಅವರಿಗೆ ಸಮಾಧಾನ. ಅವರ ಮನೆಯಲ್ಲಿ ಬಟ್ಟೆ ಒಣಹಾಕುವುದಕ್ಕೂ ಲಿಫ್ಟಿನ ಉಕ್ಕಿನ ಹಗ್ಗವೇ! ಕರವಸ್ತ್ರವೇನು, ಆನೆಯನ್ನೇ ಹಿಂಡಿ ಒಣಹಾಕಬಹುದು.

ಕಂಪ್ಯೂಟರಿನಲ್ಲಿದ್ದ ಆಸ್ತಿ ಒಂದೇ: ತೀರಿಹೋದ ಅತ್ತೆಯವರ ದನಿ. ರಾಯರ ಹೆಂಡತಿ ತಾಯಿಯ ಮಾತುಗಳನ್ನು ಹತ್ತೊಂಬತ್ತು ಕಂತುಗಳಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ದಿನಾ ಬಟ್ಟೆ ಮಡಚುವಾಗ ಒಂದನ್ನಾದರೂ ಕೇಳಲೇಬೇಕು. ಅದರಲ್ಲಿ ಹನ್ನೊಂದು ಕಂತು ಅಳಿಯನನ್ನು ಬೈದದ್ದೇ! ಆದರೂ ಅದನ್ನೆಲ್ಲ ಹೊತ್ತಿದ್ದ ಹಳೆಯ ಹಾರ್ಡ್ ಡಿಸ್ಕು ಕಟಕಟ ಎನ್ನತೊಡಗಿದಾಗ ಮೊದಲು ಎದೆ ಧಸಕ್ಕೆಂದದ್ದು ಅಳಿಯನಿಗೇ.

ಅಂದೇ ಹೋಗಿ ಹೊಸ ಡಿಸ್ಕು ತಂದರು. ಅಂತಿಂಥದ್ದಲ್ಲ! ದೊಡ್ಡ ಕಚೇರಿಗಳಲ್ಲಿ ಡಿಸ್ಕುಗಳನ್ನು ಸಾಲಾಗಿ ಕೂರಿಸಿ ಹಗಲಿರುಳು ದುಡಿಸುವ ರೇಡ್ ಎಂಬ ಏರ್ಪಾಡಿಗೆಂದೇ ತಯಾರಾದದ್ದು.

"ನಮ್ಮ ಕಂಪ್ಯೂಟರಿಗೆ ಒಂದೇ ಡಿಸ್ಕಲ್ವೇನ್ರೀ? ಗುಂಪಲ್ಲಿ ಬೆಳೆದದ್ದು ಇಲ್ಲಿ ಒಂಟಿಯಾಗಿ ಬಾಳುತ್ತಾ?"

"ಲೇ, ಇಪ್ಪತ್ತು ಜನ ಹೊರೋ ಲಿಫ್ಟಿಗೆ ಒಬ್ಬನೇ ಹತ್ತಿದ್ರೆ ಲಿಫ್ಟಿಗೇನು ಬೇಜಾರಾ? ಹಾಯಾಗಿರುತ್ತೆ! ಅದಿರ್ಲಿ, ನನ್ನ ಸ್ಕ್ರೂಡ್ರೈವರ್ ಎಲ್ಲಿ?"

"ನಿಮ್ಮ ಎಡಗೈಲಿದೆ. ಮೊದಲು ಟೀ ಕುಡೀರಿ, ಆಮೇಲೆ ಬಿಚ್ಚಿ."

ಟೀ ಕುಡಿದು, ಹೊಸ ಡಿಸ್ಕು ಕೂರಿಸಿ, ಎಲ್ಲವನ್ನೂ ಅದಕ್ಕೆ ಇಳಿಸಿದ ರಾಯರು ವಿಜಯೋತ್ಸಾಹದಲ್ಲಿ ಹಳೆಯ ಡಿಸ್ಕಿನ ಹೊಟ್ಟೆ ಬಗೆದರು. ಒಳಗಿದ್ದ ಅಯಸ್ಕಾಂತ ತೆಗೆದು, ಹಾಲಿನ ಚೀಟಿ ಸಿಕ್ಕಿಸಲೆಂದು ಫ್ರಿಜ್ಜಿಗೆ ಅಂಟಿಸಿದರು. ಅದರ ಸೆಳೆತಕ್ಕೆ ಫ್ರಿಜ್ಜೇ ಒಂದು ಗೇಣು ಮುಂದೆ ಬಂತೆಂದು ಇಂದಿಗೂ ಆಣೆ ಇಟ್ಟು ಹೇಳುತ್ತಾರೆ.

ಮೂರು ತಿಂಗಳು ಕಳೆಯಿತು. ಒಂದು ಸಂಜೆ ಏಳನೇ ಕಂತು ನಡೆಯುತ್ತಿತ್ತು. "ಅಳಿಯಂದಿರೇ, ನಿಮಗೆ ಬುದ್ಧಿ ಯಾವಾಗ" ಎಂಬಲ್ಲಿಗೆ ದನಿ ಗಕ್ಕನೆ ನಿಂತಿತು! ಬದುಕಿದ್ದಾಗ ಒಂದು ಬೈಗುಳವನ್ನೂ ಅರ್ಧಕ್ಕೆ ಬಿಟ್ಟವರಲ್ಲ ಅತ್ತೆ. ಮತ್ತೆ ಹಾಕಿದರೂ ಅಲ್ಲಿಗೇ ನಿಂತಿತು. ಅರ್ಧ ಮಡಚಿದ ಹೊದಿಕೆಯ ಮೇಲೆ ಹೆಂಡತಿಯ ಕೈಯೂ ನಿಂತಿತು. ಅದನ್ನು ಕಂಡ ರಾಯರು ಹಗ್ಗ ಕಡಿದ ಲಿಫ್ಟಿನಂತೆ ಹನ್ನೆರಡು ಮಹಡಿ ಕೆಳಗಿಳಿದರು.

ಡಿಸ್ಕನ್ನು ಕಂಕುಳಲ್ಲಿಟ್ಟುಕೊಂಡು ಕಂಪ್ಯೂಟರ್ ರಿಪೇರಿ ಅಂಗಡಿಗೆ ಓಡಿದರು. ಅಂಗಡಿಯಾಕೆ ಪರೀಕ್ಷಿಸಿ ತಲೆಯಾಡಿಸಿದಳು.

"ಅಂಕಲ್, ಎಲ್ಲಾದ್ರೂ ಓದೋಕಾಗ್ದಿದ್ರೆ ಮನೆ ಕಂಪ್ಯೂಟರಿನ ಡಿಸ್ಕು ಪಟ್ಟು ಬಿಡದೆ ಒದ್ದಾಡುತ್ತೆ. ಇದು ಏಳು ಸೆಕೆಂಡ್ ನೋಡಿ ಕೈಚೆಲ್ಲಿಬಿಡುತ್ತೆ. ಪಕ್ಕದ ಡಿಸ್ಕಿಗೆ ಗೊತ್ತಿರುತ್ತೆ, ಅದು ಹೇಳುತ್ತೆ ಬಿಡು ಅನ್ನೋ ಧೈರ್ಯ! ನಿಮ್ಮಲ್ಲಿ ಪಕ್ಕದ್ದೇ ಇಲ್ವಲ್ಲ. ಹೋಗ್ಲಿ, ಹಳೇ ಡಿಸ್ಕು ತನ್ನಿ."

"ಅದು ಫ್ರಿಜ್ ಮೇಲಿದೆ."

"ತಗೊಂಡ್ಬನ್ನಿ ಮತ್ತೆ!"

"ಪೂರ್ತಿ ಇಲ್ಲಮ್ಮ. ಅಯಸ್ಕಾಂತ ಮಾತ್ರ."

ಮನೆಗೆ ಬಂದ ರಾಯರು ತಲೆ ತಗ್ಗಿಸಿ, ಏಳು ಸೆಕೆಂಡಿನ ಕಥೆಯಿಂದ ಹಿಡಿದು ಅಯಸ್ಕಾಂತದವರೆಗೆ ಎಲ್ಲ ಒಪ್ಪಿಸಿದರು. "ನಿಮ್ಮಮ್ಮನ ಮಾತು ನನ್ನ ಕೈಯಾರೆ ಕಳೆದುಬಿಟ್ಟೆ ಕಣೇ" ಎಂದರು.

ಹೆಂಡತಿ ಎದ್ದು ಹೋಗಿ ಗುಂಡಿಗಳ ಡಬ್ಬಿ ತಂದರು. ಗುಂಡಿಗಳ ನಡುವಿನಿಂದ ಒಂದು ಪೆನ್ ಡ್ರೈವ್ ಹೊರಬಂತು.

"ಹತ್ತೊಂಬತ್ತೂ ಇದೆ."

"ಯಾವಾಗ ಮಾಡ್ಕೊಂಡೆ?"

"ಕೈಯಲ್ಲಿರೋ ಸ್ಕ್ರೂಡ್ರೈವರ್ ಎಲ್ಲಿ ಅಂತ ಕೇಳಿದ್ರಲ್ಲ, ಅವತ್ತು. ಸುಮ್ನೆ ಟೀ ಕೊಟ್ಟು ಕೂರಿಸಿದ್ದೆ ಅಂದ್ಕೊಂಡ್ರಾ?"

ಪೆನ್ ಡ್ರೈವನ್ನು ಟಿವಿಗೆ ಸಿಕ್ಕಿಸಿದ್ದೇ ತಡ, "ಅಳಿಯಂದಿರೇ, ನಿಮಗೆ ಬುದ್ಧಿ ಯಾವಾಗ ಬರುತ್ತೆ!" ಎಂದು ಅತ್ತೆಯವರು ಪೂರ್ತಿ ಬೈದರು. ಬೈಗುಳ ಅಷ್ಟು ಇಂಪಾಗಿ ರಾಯರಿಗೆ ಯಾವತ್ತೂ ಕೇಳಿಸಿರಲಿಲ್ಲ! ಒದ್ದೆಯಾದ ಕಣ್ಣೊರೆಸಿಕೊಂಡು, ಎಂಟನೇ ಕಂತನ್ನೂ ಹಾಕೋಣವೆಂದು ಜೇಬು ತಡವಿದರು, ಮೇಜು ನೋಡಿದರು.

"ಲೇ, ನನ್ನ ಕನ್ನಡಕ ಎಲ್ಲಿ?"

ಹೊದಿಕೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಲೂ ಇಲ್ಲ.

"ಫ್ರಿಜ್ಜೊಳಗೆ, ಹಾಲಿನ ಪಕ್ಕ. ಆ ಡಿಸ್ಕೇ ವಾಸಿ ಕಣ್ರೀ, ಏಳು ಸೆಕೆಂಡಾದ್ರೂ ಹುಡುಕುತ್ತೆ!"